ಪಿಸ್ತೂಲಿನ ರೆಡ್ ಡಾಟ್ ಕೈಕೊಟ್ಟಾಗ: ತಪ್ಪು ಸೆಲ್ಲಿನದೋ, ಸ್ಕ್ರೂವಿನದೋ, ಕಣ್ಣಿನದೋ?

ಸೊಂಟದ ಪಿಸ್ತೂಲಿಗೆ ಯಾವ ರೆಡ್ ಡಾಟ್ (ಪುಟ್ಟ ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸಿ ಗುರಿ ಹಿಡಿಯಲು ನೆರವಾಗುವ ಸಾಧನ) ಒಳ್ಳೆಯದು ಎಂದು ಕೇಳುವವರಲ್ಲಿ ಅನೇಕರ ಬಳಿ ಆಗಲೇ ಒಂದು ಡಾಟ್ ಇರುತ್ತದೆ. ಅದರ ಮೇಲಿನ ನಂಬಿಕೆ ಹೋಗಿರುತ್ತದೆ, ಅಷ್ಟೆ. ಚುಕ್ಕಿ ಒಡೆದ ಹಾಗೆ ಕಾಣುತ್ತದೆ, ಕಳೆದ ತಿಂಗಳು ನಡುವೆ ಬೀಳುತ್ತಿದ್ದ ಗುಂಡು ಈಗ ಬಲಕ್ಕೆ ಬೀಳುತ್ತದೆ, ಪಿಸ್ತೂಲು ಎತ್ತಿದರೆ ಗಾಜಿನೊಳಗೆ ಚುಕ್ಕಿಯೇ ಇರುವುದಿಲ್ಲ. ಇಂಥ ಹೊತ್ತಿನಲ್ಲಿ ಹಳೆಯದನ್ನು ಮಾರಿ ಇನ್ನೂ ದುಬಾರಿಯದನ್ನು ತರುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕೆಟ್ಟಿರುವುದು ಸೆಲ್ಲೋ, ಸ್ಕ್ರೂವೋ, ಕಣ್ಣೋ, ಕೈಯೋ ಎಂದು ಮೊದಲು ಗೊತ್ತಾಗಬೇಕು. ಗೊತ್ತಾದರೆ ಏನು ಕೊಳ್ಳಬೇಕು ಎಂಬುದೂ ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ. ಡಾಟ್ ತಾನೇ ಕೆಟ್ಟಿದೆ ಎಂಬುದನ್ನು ನಾನು ಯಾವಾಗಲೂ ಪಟ್ಟಿಯ ಕೊನೆಗೆ ಇಡುತ್ತೇನೆ.

ಇದು ಅಮೆರಿಕದಲ್ಲಿ ಕಾನೂನಿನ ಪ್ರಕಾರ ಪಿಸ್ತೂಲು ಒಯ್ಯುವ ಕನ್ನಡಿಗರಿಗಾಗಿ ಬರೆದದ್ದು. ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಎಚ್-1ಬಿ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಕೆಲವು ವಿನಾಯಿತಿಗಳ ಹೊರತು ನಿಷೇಧಿಸುತ್ತದೆ. 2021ರ ಸೆಪ್ಟೆಂಬರ್‌ನಿಂದ ಟೆಕ್ಸಾಸ್‌ನಲ್ಲಿ ಪರವಾನಗಿ ಇಲ್ಲದೆಯೂ ಒಯ್ಯಬಹುದು ಎಂಬ ಸುದ್ದಿ ಓದಿ ಮರುಳಾಗಬೇಡಿ. ರಾಜ್ಯ ಕೊಟ್ಟ ಸಡಿಲಿಕೆಯಿಂದ ವೀಸಾದ ನಿಷೇಧ ಅಳಿಸಿಹೋಗುವುದಿಲ್ಲ. ಗ್ರೀನ್ ಕಾರ್ಡ್ ಬಂದವರು, ಪೌರತ್ವ ಪಡೆದವರು ಮುಂದೆ ಓದಬಹುದು.

ಕೆಲಸ ಶುರು ಮಾಡುವ ಮೊದಲು ಮ್ಯಾಗಜಿನ್ (ಗುಂಡುಗಳ ಪೆಟ್ಟಿಗೆ) ತೆಗೆಯಿರಿ, ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದಕ್ಕೆ ಎಳೆದು ಚೇಂಬರನ್ನು, ಅಂದರೆ ಹಾರಲಿರುವ ಗುಂಡು ಕೂರುವ ಜಾಗವನ್ನು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಮುಂದೆ ಹೇಳುವ ಎಷ್ಟೋ ಪರೀಕ್ಷೆಗಳಲ್ಲಿ ಪಿಸ್ತೂಲನ್ನು ಕಣ್ಣಿನೆದುರು ಹಿಡಿದು ತಿರುಗಿಸುವುದಿದೆ. ಖಾಲಿ ಎಂದು ನಂಬಿದ್ದು ಸಾಲದು, ಪ್ರತಿ ಸಲ ಕೈಗೆತ್ತಿಕೊಂಡಾಗಲೂ ನೋಡಬೇಕು.

ಡಾಟ್ ಒಳಗೆ ಏನಿದೆ ಎಂದು ತಿಳಿದಿದ್ದರೆ ತಪಾಸಣೆ ಸುಲಭ. ಹಿಂಭಾಗದಲ್ಲಿ, ತಳದ ಹತ್ತಿರ ಪುಟ್ಟ ಎಲ್‌ಇಡಿ. ಅದರ ಬೆಳಕು ಮುಂದಿನ ಗಾಜಿಗೆ ಬಡಿಯುತ್ತದೆ. ಗಾಜಿಗೆ ಬಳಿದಿರುವ ತೆಳು ಲೇಪ ಕೆಂಪನ್ನಷ್ಟೇ ನಿಮ್ಮ ಕಣ್ಣಿಗೆ ತಿರುಗಿಸಿ ಕಳಿಸಿ ಮಿಕ್ಕ ಬೆಳಕನ್ನು ಹಾದುಹೋಗಲು ಬಿಡುತ್ತದೆ. ತಿರುಗಿ ಬರುವ ಕಿರಣಗಳು ಸಮಾನಾಂತರವಾಗಿರುವುದರಿಂದ ಚುಕ್ಕಿ ಗಾಜಿನ ಮೇಲಲ್ಲ, ದೂರದ ಗುರಿಯ ಮೇಲೆ ಕೂತ ಹಾಗೆ ಕಾಣುತ್ತದೆ. ಲೇಸರ್‌ನ ಹಾಗೆ ಮುಂದಕ್ಕೆ ಏನೂ ಹೋಗುವುದಿಲ್ಲ. ಈ ಇಡೀ ಸರಂಜಾಮು ಸಾಮಾನ್ಯವಾಗಿ ಎರಡು ಸಣ್ಣ ಸ್ಕ್ರೂಗಳ ಮೇಲೆ ನಿಂತಿರುತ್ತದೆ. ಅದು ಕೂತಿರುವ ಸ್ಲೈಡ್ ಪ್ರತಿ ಗುಂಡಿಗೂ ಹಿಂದಕ್ಕೆ ಹಾರಿ ಮತ್ತೆ ಮುಂದಕ್ಕೆ ಅಪ್ಪಳಿಸುತ್ತದೆ. ಬಂದೂಕಿನ ಮೇಲೆ ಸ್ಕ್ರೂ ಹಾಕಲು ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಚುಕ್ಕಿಯೇ ಇಲ್ಲ

ಅಲುಗಾಡಿಸಿ ನೋಡಿ. ಈಗಿನ ಎಷ್ಟೋ ಡಾಟ್‌ಗಳು ಅಲುಗಾಟ ನಿಂತ ಸ್ವಲ್ಪ ಹೊತ್ತಿಗೆ ತಾವಾಗಿ ಆರಿ, ಮತ್ತೆ ಅಲುಗಿದಾಗ ಹೊತ್ತಿಕೊಳ್ಳುತ್ತವೆ. ಹೊತ್ತಿಕೊಳ್ಳದಿದ್ದರೆ ಪ್ಲಸ್ ಗುಂಡಿ ಒತ್ತಿ ಬೆಳಕು ಏರಿಸಿ. ಎಷ್ಟೋ ಸಲ ಡಾಟ್ ಹೊತ್ತಿಕೊಂಡೇ ಇರುತ್ತದೆ. ರಾತ್ರಿ ಮಲಗುವ ಕೋಣೆಯಲ್ಲಿ ಇಳಿಸಿಟ್ಟ ಬೆಳಕಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ಕಾಣಿಸುವ ಶಕ್ತಿ ಇರುವುದಿಲ್ಲ.

ಆಟೋ ಬ್ರೈಟ್‌ನೆಸ್ ಇರುವ ಮಾದರಿಗಳಲ್ಲಿ ಇನ್ನೊಂದು ತೊಡಕಿದೆ. ಬೆಳಕು ಅಳೆಯುವ ಸೆನ್ಸರ್ ನೀವು ನಿಂತ ಜಾಗವನ್ನು ನೋಡುತ್ತದೆ, ಗುರಿ ಇರುವ ಜಾಗವನ್ನಲ್ಲ. ಕತ್ತಲ ಪಡಸಾಲೆಯಲ್ಲಿ ನಿಂತು ಬಿಸಿಲಿನ ಅಂಗಳಕ್ಕೆ ಗುರಿ ಹಿಡಿದರೆ ಚುಕ್ಕಿ ಕರಗಿಹೋಗುತ್ತದೆ. ಪಿಸ್ತೂಲಿಗೆ ಸಿಕ್ಕಿಸಿದ ಟಾರ್ಚನ್ನು ಬಿಳಿ ಗೋಡೆಗೆ ಬಿಟ್ಟರೂ ಅದೇ ಕಥೆ. ಟಾರ್ಚ್ ಹಾಕಿ, ಮನೆಯೊಳಗೆ ಖಾಲಿ ಪಿಸ್ತೂಲಿನಿಂದ ಒಂದು ರಾತ್ರಿ ಪರೀಕ್ಷಿಸಿ. ಚುಕ್ಕಿ ಮಾಯವಾದರೆ ಡಾಟ್ ಕೆಟ್ಟಿಲ್ಲ. ಅದನ್ನು ಕೈಯಿಂದ ಬೆಳಕು ಹೊಂದಿಸುವ ರೀತಿಗೆ ಬದಲಿಸಿ, ಹಗಲಿಗೆ ತಕ್ಕಷ್ಟು ಏರಿಸಿ ಅಲ್ಲೇ ಬಿಡಿ. ಕೈಯಿಂದ ಹೊಂದಿಸುವ ಸೌಲಭ್ಯವೇ ಇಲ್ಲದ ಡಾಟ್ ಅನ್ನು ಒಯ್ಯುವ ಪಿಸ್ತೂಲಿಗೆ ನಾನು ಯಾರಿಗೂ ಹೇಳುವುದಿಲ್ಲ.

ಇನ್ನೂ ಬೆಳಗದಿದ್ದರೆ ಸೆಲ್. ಲಿಥಿಯಂ ಗುಂಡಿ ಸೆಲ್ಲಿನ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿದ್ದು ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಹಾಗಾಗಿ ಮುನ್ಸೂಚನೆ ಕಡಿಮೆ. ಹೊಸ ಸೆಲ್ ಹಾಕಿದರೂ ಬೆಳಗಲಿಲ್ಲ ಎನ್ನುವವರು ಆ ಸೆಲ್ ಯಾವುದು ಎಂದು ನೋಡಬೇಕು. ಮಕ್ಕಳು ನುಂಗದಿರಲಿ ಎಂದು ಕೆಲವು ಕಂಪನಿಗಳು ಗುಂಡಿ ಸೆಲ್ಲಿಗೆ ಕಹಿ ಲೇಪ ಬಳಿಯುತ್ತವೆ. ಡಾಟ್‌ನ ತೆಳು ಸ್ಪ್ರಿಂಗ್ ಸರಿಯಾಗಿ ಆ ಲೇಪದ ಮೇಲೆ ಕೂತರೆ ಕರೆಂಟು ಹರಿಯುವುದು ಅನುಮಾನ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಸೆಲ್ಲಿನ ಎರಡೂ ಮುಖ ಒರೆಸಿ ಹಾಕಿ ನೋಡಿ. ಇಲ್ಲವೇ ಲೇಪವಿಲ್ಲದ ಸೆಲ್ ತನ್ನಿ. ಗುಂಡು ಹಾರಿದಾಗ ಮಾತ್ರ ಚುಕ್ಕಿ ಮಿನುಗಿ ಆರುತ್ತದೆ ಎಂದಾದರೆ ಸಂಪರ್ಕ ಸಡಿಲ: ಸೆಲ್ಲಿನ ಮುಚ್ಚಳ ಬಿಗಿಯಾಗಿದೆಯೇ, ಒಳಗಿನ ಸ್ಪ್ರಿಂಗ್ ಚಪ್ಪಟೆಯಾಗಿದೆಯೇ ನೋಡಿ.

ಕೊಳ್ಳುವಾಗ ಯೋಚಿಸಬೇಕಾದ ಮೊದಲ ಸಂಗತಿ ಇಲ್ಲೇ ಇದೆ. ಟ್ರೈಜಿಕಾನ್‌ನ ಆರ್‌ಎಂಆರ್ ಗಟ್ಟಿಮುಟ್ಟಿಗೆ ಹೆಸರಾದದ್ದು. ಆದರೆ ಅದರ ಮೂಲ ಮಾದರಿಯಲ್ಲೂ ಟೈಪ್ 2ರಲ್ಲೂ ಸಿಆರ್2032 ಸೆಲ್ ಹೊಟ್ಟೆಯ ಕೆಳಗಿದೆ. ಸೆಲ್ ಬದಲಿಸಲು ಡಾಟನ್ನೇ ಸ್ಲೈಡ್‌ನಿಂದ ಬಿಚ್ಚಬೇಕು, ಮತ್ತೆ ಕೂರಿಸಿ ಗುಂಡು ಎಲ್ಲಿ ಬೀಳುತ್ತದೆ ಎಂದು ಶೂಟಿಂಗ್ ರೇಂಜ್‌ಗೆ ಹೋಗಿ ನೋಡಬೇಕು. ಅದೇ ಕಂಪನಿಯ ಎಸ್‌ಆರ್‌ಒದಲ್ಲಿ ಸೆಲ್ ಮೇಲಿನಿಂದ ಇಳಿಯುತ್ತದೆ. ಹೋಲೋಸನ್ 507ಸಿಯಲ್ಲಿ ಸಿಆರ್1632 ಪಕ್ಕದ ತಟ್ಟೆಯಲ್ಲಿ ಕೂರುತ್ತದೆ. ಏಮ್‌ಪಾಯಿಂಟ್ ಆಕ್ರೋ ಪಿ-2ರಲ್ಲೂ ಬಿಚ್ಚುವ ಗೋಜಿಲ್ಲ, ಮೇಲಾಗಿ ಸಿಆರ್2032ರಲ್ಲಿ 50,000 ಗಂಟೆ ಬರುತ್ತದೆಂದು ಕಂಪನಿ ಹೇಳುತ್ತದೆ. ವರ್ಷಕ್ಕೊಮ್ಮೆ, ಹುಟ್ಟುಹಬ್ಬವೋ ಯುಗಾದಿಯೋ ನೆನಪಿರುವ ಒಂದು ದಿನ ಹಿಡಿದು, ಸೆಲ್ ಬದಲಿಸುವ ಅಭ್ಯಾಸ ಇದ್ದರೆ ಈ ಗಂಟೆಗಳ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಚುಕ್ಕಿ ಇದೆ, ಆದರೆ ದುಂಡಗಿಲ್ಲ

ಬಾಲ ಬಂದ ಚುಕ್ಕಿ, ನಕ್ಷತ್ರದಂತೆ ಚೆದರಿದ ಚುಕ್ಕಿ, ಒಂದರ ಮೇಲೊಂದು ಎರಡು ಚುಕ್ಕಿ. ಅಂಗಡಿಗೆ ವಾಪಸು ಹೋಗುವ ಡಾಟ್‌ಗಳ ಮೇಲೆ ಈ ದೂರು ಸಾಮಾನ್ಯ. ಅದರಲ್ಲಿ ಬಹಳಷ್ಟು ಸಲ ಗಾಜಿನ ತಪ್ಪೇನೂ ಇರುವುದಿಲ್ಲ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ನಂಬರ್ ಇದ್ದವರ ಕಣ್ಣು ಬೆಳಕಿನ ಬಿಂದುವನ್ನು ಎಳೆದು ಉದ್ದ ಮಾಡುತ್ತದೆ. ರಾತ್ರಿ ಹೈವೇಯಲ್ಲಿ ಎದುರಿನ ಕಾರಿನ ದೀಪಗಳಿಗೆ ಕಡ್ಡಿ ಕಡ್ಡಿಯಾಗಿ ಕಿರಣ ಬಂದ ಹಾಗೆ ಕಾಣುವವರಿಗೆ ಡಾಟ್‌ನಲ್ಲೂ ಅದೇ ಕಾಣುತ್ತದೆ.

ತೀರ್ಮಾನಿಸುವುದು ಹೀಗೆ. ಖಾಲಿ ಪಿಸ್ತೂಲನ್ನು ಸುರಕ್ಷಿತ ದಿಕ್ಕಿಗೆ, ಸಾದಾ ಗೋಡೆಯ ಕಡೆಗೆ ಹಿಡಿದು ಚುಕ್ಕಿಯ ಬಾಲ ಗಡಿಯಾರದ ಯಾವ ಅಂಕಿಯತ್ತ ಇದೆ ಎಂದು ನೋಡಿಕೊಳ್ಳಿ. ಎರಡು ಗಂಟೆಯತ್ತ ಇದೆ ಎನ್ನಿ. ಈಗ ತಲೆ ಅಲ್ಲಾಡಿಸದೆ ಪಿಸ್ತೂಲನ್ನು ಮಾತ್ರ ನಿಧಾನವಾಗಿ ಬಲಪಕ್ಕಕ್ಕೆ ಮಲಗಿಸಿ. ಬಾಲ ಪಿಸ್ತೂಲಿನ ಜೊತೆಗೇ ತಿರುಗಿ ಐದು ಗಂಟೆಗೆ ಬಂದರೆ ದೋಷ ಡಾಟ್‌ನದು. ಪಿಸ್ತೂಲು ಮಲಗಿದರೂ ಬಾಲ ಎರಡು ಗಂಟೆಯಲ್ಲೇ ನಿಂತಿದ್ದರೆ ದೋಷ ನಿಮ್ಮ ಕಣ್ಣಿನದು. ನಂಬಿಕೆ ಬಾರದಿದ್ದರೆ ಬೆಳಕು ಇಳಿಸಿ ಫೋನಿನಲ್ಲಿ ಫೋಟೊ ತೆಗೆಯಿರಿ. ಫೋಟೊದಲ್ಲಿ ಚುಕ್ಕಿ ದುಂಡಗಿದ್ದರೆ ವಾದ ಮುಗಿಯಿತು. ಗಟ್ಟಿ ಕಾಗದಕ್ಕೆ ಸೂಜಿಯಿಂದ ತೂತು ಮಾಡಿ ಅದರ ಮೂಲಕ ನೋಡುವುದೂ ಒಂದು ದಾರಿ. ಕಣ್ಣಿನ ದೋಷವಾದರೆ ತೂತಿನೊಳಗಿಂದ ಚುಕ್ಕಿ ಚೊಕ್ಕಟವಾಗುತ್ತದೆ.

ಪ್ರೋಗ್ರೆಸಿವ್ ಕನ್ನಡಕದವರಿಗೆ ಪ್ರತ್ಯೇಕವಾಗಿ ಹೇಳಬೇಕು. ಚುಕ್ಕಿ ಇರುವುದು ದೂರದಲ್ಲಿ. ಐರನ್ ಸೈಟ್ (ಸ್ಲೈಡ್ ಮೇಲೆ ಹಿಂದೆ ಮುಂದೆ ಇರುವ ಲೋಹದ ಗುರಿಮೊನೆಗಳು) ನೋಡಿ ರೂಢಿಯಾದವರು ಗೊತ್ತಿಲ್ಲದೆ ಗದ್ದ ಎತ್ತಿ ಕನ್ನಡಕದ ಕೆಳಭಾಗದಿಂದ, ಅಂದರೆ ಪುಸ್ತಕ ಓದುವ ಭಾಗದಿಂದ ನೋಡುತ್ತಾರೆ. ಚುಕ್ಕಿ ಮಬ್ಬಾಗುತ್ತದೆ. ಗದ್ದ ಇಳಿಸಿ ಮೇಲ್ಭಾಗದಿಂದ ನೋಡಿ.

ಕಣ್ಣೇ ಕಾರಣ ಎಂದಾದರೆ ಬೆಳಕನ್ನು ಎರಡು ಮೂರು ಮೆಟ್ಟಿಲು ಇಳಿಸುವುದು ಪುಕ್ಕಟೆ ಪರಿಹಾರ. ಬೆಳಕು ಹೆಚ್ಚಿದಷ್ಟೂ ಚೆದರುವುದು ಹೆಚ್ಚು. ಹಸಿರು ಚುಕ್ಕಿ ಕೆಲವರಿಗೆ ಚೊಕ್ಕವಾಗಿ ಕಾಣುತ್ತದೆ, ಎಲ್ಲರಿಗೂ ಅಲ್ಲ. ಆದ್ದರಿಂದ ಗೆಳೆಯರದ್ದನ್ನೋ ಅಂಗಡಿಯದನ್ನೋ ಕಣ್ಣಿಗಿಟ್ಟು ನೋಡದೆ ಕೊಳ್ಳಬೇಡಿ. ಚುಕ್ಕಿಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಅದನ್ನು ಎಂಓಎ ಎಂಬ ಕೋನದ ಅಳತೆಯಲ್ಲಿ ಹೇಳುತ್ತಾರೆ. ಒಂದು ಎಂಓಎ ಎಂದರೆ 100 ಗಜ ದೂರದಲ್ಲಿ ಸುಮಾರು ಒಂದು ಇಂಚು. 25 ಗಜಕ್ಕೆ ಕಾಲು ಇಂಚು. ಹಾಗಾದರೆ 6 ಎಂಓಎ ಚುಕ್ಕಿ 25 ಗಜದಲ್ಲಿ ಮುಚ್ಚುವುದು ಒಂದೂವರೆ ಇಂಚನ್ನಷ್ಟೇ. ಆತ್ಮರಕ್ಷಣೆಯ ದೂರಕ್ಕೆ ಇದೇನೂ ದೊಡ್ಡದಲ್ಲ. 2 ಎಂಓಎ ಚುಕ್ಕಿಯನ್ನು ಕಾಣಿಸಲೆಂದು ಬೆಳಕು ಏರಿಸಿ ಏರಿಸಿ ಅದು ಚೆದರುವುದಕ್ಕಿಂತ, ದೊಡ್ಡ ಚುಕ್ಕಿಯನ್ನು ಮಂದವಾಗಿ ಇಟ್ಟುಕೊಳ್ಳುವುದು ಸಿಲಿಂಡರ್ ಕಣ್ಣಿಗೆ ಹಿತ.

ಬಾಲ ಪಿಸ್ತೂಲಿನ ಜೊತೆ ತಿರುಗಿತು ಎಂದಾದರೂ ಗಾಬರಿ ಬೇಡ, ಮೊದಲು ಎಲ್‌ಇಡಿಯ ಕಿಂಡಿ ನೋಡಿ. ಮುಂದೆ ಗಾಜು ಇದ್ದು ಹಿಂದೆ ತೆರೆದಿರುವ ಡಾಟ್‌ಗಳಲ್ಲಿ ಬನಿಯನ್ನಿನ ನೂಲು, ಬೆವರ ಹನಿ, ಪೌಡರು ಎಲ್ಲ ಅಲ್ಲೇ ಹೋಗಿ ಕೂರುತ್ತವೆ. ಒಂದು ಹನಿ ನೀರು ಸಾಕು, ಚುಕ್ಕಿ ನಾಲ್ಕಾಗಲು. ಗಾಳಿ ಊದಿ, ಲೆನ್ಸ್ ಒರೆಸುವ ದ್ರವದಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಕಿಟಕಿ ಗಾಜಿಗೆ ಬಳಸುವ ಅಮೋನಿಯದ ದ್ರವ ಬೇಡ, ಲೇಪ ಹಾಳಾಗುತ್ತದೆ. ಹ್ಯೂಸ್ಟನ್‌ನಂಥ ಸೆಕೆಯ ಊರಿನಲ್ಲಿ ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಒಯ್ಯುವವರು ವಾರಕ್ಕೊಮ್ಮೆ ಈ ಕೆಲಸ ಮಾಡಬೇಕಾಗುತ್ತದೆ. ಅದು ಬೇಸರ ಎನ್ನುವವರು ಆಕ್ರೋ, ಹೋಲೋಸನ್ 509ಟಿ, ಇಪಿಎಸ್, ಟ್ರೈಜಿಕಾನ್ ಆರ್‌ಸಿಆರ್‌ನಂಥ ಪೂರ್ತಿ ಮುಚ್ಚಿದ ಡಾಟ್‌ಗೆ ಹೋಗುವುದು ನ್ಯಾಯ. ಮುಚ್ಚಿದ್ದರಲ್ಲೂ ಹೊರಗಾಜು ಮಂಜಾಗುತ್ತದೆ, ಎಸಿ ಕಾರಿನಿಂದ ಇಳಿದ ಕೂಡಲೇ ಕನ್ನಡಕ ಮಂಜಾಗುವಂತೆಯೇ. ಆದರೆ ಎಲ್‌ಇಡಿಯ ದಾರಿಗೆ ಏನೂ ಅಡ್ಡ ಬರುವುದಿಲ್ಲ.

ಗುಂಡು ಬೀಳುವ ಜಾಗ ಬದಲಾಗಿದೆ

ಕೈಯ ತಪ್ಪು, ಸ್ಕ್ರೂವಿನ ತಪ್ಪು ಎರಡೂ ಗುರಿಹಲಗೆಯ ಮೇಲೆ ಒಂದೇ ರೀತಿ ಕಾಣುವುದರಿಂದ ಜನ ಹೆಚ್ಚು ದಾರಿ ತಪ್ಪುವುದು ಇಲ್ಲೇ. ಪಿಸ್ತೂಲನ್ನು ಮರಳಿನ ಚೀಲದ ಮೇಲಿಟ್ಟು 10 ಗಜಕ್ಕೆ ಐದು ಗುಂಡು ಹೊಡೆಯಿರಿ. ಐದೂ ಒತ್ತೊತ್ತಾಗಿ, ಆದರೆ ಬೇರೆ ಜಾಗದಲ್ಲಿ ಬಿದ್ದರೆ ಡಾಟ್ ಜರುಗಿರಬಹುದು, ಇಲ್ಲವೇ ಯಾರೋ ಚುಕ್ಕಿ ಹೊಂದಿಸುವ ತಿರುಪು ತಿರುಗಿಸಿರಬಹುದು. ಐದೂ ಚೆಲ್ಲಾಪಿಲ್ಲಿಯಾದರೆ ಡಾಟ್ ಸಡಿಲ ಅಥವಾ ಟ್ರಿಗರ್ ಬೆರಳು ಒರಟು. ಬಲಗೈಯವರ ಗುಂಡು ಕೆಳಗೆ ಎಡಕ್ಕೆ ಹೋಗುತ್ತಿದ್ದರೆ ಅದು ಬಹುತೇಕ ಕೈಯದೇ ಕೆಲಸ, ಡಾಟ್‌ನ ತಿರುಪು ಮುಟ್ಟಬೇಡಿ. ಮುಟ್ಟಿದರೆ ಕೆಟ್ಟ ಅಭ್ಯಾಸಕ್ಕೆ ತಕ್ಕಂತೆ ಝೀರೋ ಮಾಡಿದಂತಾಗುತ್ತದೆ (ಝೀರೋ ಎಂದರೆ ಗುಂಡು ಬೀಳುವ ಜಾಗಕ್ಕೆ ಚುಕ್ಕಿಯನ್ನು ಹೊಂದಿಸುವುದು). ಪಿಸ್ತೂಲನ್ನು ಚೆನ್ನಾಗಿ ಹೊಡೆಯುವ ಇನ್ನೊಬ್ಬರ ಕೈಗೆ ಕೊಟ್ಟು ಐದು ಹೊಡೆಸಿ. ಅವರದ್ದೂ ಅದೇ ಜಾಗಕ್ಕೆ ಬಿದ್ದರೆ ನೀವು ಖುಲಾಸೆ.

ಗುಂಡೇ ಖರ್ಚಾಗದ ಇನ್ನೊಂದು ಪರೀಕ್ಷೆ ಇದೆ, ನನಗೆ ಅದರ ಮೇಲೆ ಹೆಚ್ಚು ಭರವಸೆ. ಡಾಟ್‌ನ ಗಾಜಿನ ಮೂಲಕ ಐರನ್ ಸೈಟ್ ಕಾಣುವ ಪಿಸ್ತೂಲು ನಿಮ್ಮದಾದರೆ, ಡಾಟ್ ಸರಿಯಾಗಿರುವಾಗಲೇ ಮುಂದಿನ ಸೈಟನ್ನು ಹಿಂದಿನ ಸೈಟಿನ ಕಿಂಡಿಯಲ್ಲಿ ಸಮ ಮಾಡಿ ಚುಕ್ಕಿ ಎಲ್ಲಿ ಕೂತಿದೆ ಎಂದು ನೋಡಿಕೊಳ್ಳಿ. ಮುಂದಿನ ಸೈಟಿನ ತುದಿಯ ಮೇಲೆ, ಕೂದಲೆಳೆ ಬಲಕ್ಕೆ, ಹೀಗೆ. ಅದನ್ನು ಫೋನಿನಲ್ಲಿ ಬರೆದಿಡಿ, ಫೋಟೊ ಸಿಕ್ಕರೆ ಇನ್ನೂ ಒಳ್ಳೆಯದು. ಮುಂದೆ ಅನುಮಾನ ಬಂದಾಗ ಅದೇ ಸಮ ಮಾಡಿ ನೋಡಿ. ಚುಕ್ಕಿ ಹಿಂದಿನ ಜಾಗದಲ್ಲೇ ಇದ್ದರೆ ಡಾಟ್ ಅಲುಗಿಲ್ಲ. ಅಲ್ಲಿಂದ ಜರುಗಿದ್ದರೆ ಸ್ಕ್ರೂವಿಗೆ ಕೈ ಹಾಕಿ.

ಬಿಚ್ಚುವ ಮೊದಲು ಡಾಟನ್ನು ಹೆಬ್ಬೆರಳಿನಿಂದ ಅಡ್ಡಕ್ಕೆ, ಹಿಂದಕ್ಕೆ ಒತ್ತಿ ನೋಡಿ. ಗ್ಲಾಕ್ ಕಂಪನಿ 2015ರಲ್ಲಿ ತಂದ, ಡಾಟ್ ಕೂರಿಸಲೆಂದೇ ಸ್ಲೈಡ್ ಕೊರೆದಿರುವ ಎಂಓಎಸ್‌ನಂಥ ಪಿಸ್ತೂಲುಗಳಲ್ಲಿ ಜೋಡಣೆ ಎರಡು: ಸ್ಲೈಡ್‌ಗೆ ಪ್ಲೇಟ್, ಪ್ಲೇಟ್‌ಗೆ ಡಾಟ್. ಮೇಲಿನ ಸ್ಕ್ರೂ ಬಿಗಿ ಮಾಡಿ ಮಾಡಿ ಸುಸ್ತಾದವರು ಕೆಳಗಿನ ಪ್ಲೇಟ್ ಸಡಿಲವಾಗಿರುವುದನ್ನು ನೋಡಿಯೇ ಇರುವುದಿಲ್ಲ. ಅದು ಕಾಣಬೇಕಾದರೆ ಡಾಟ್ ತೆಗೆಯಲೇಬೇಕು.

ತೆಗೆದ ಮೇಲೆ ಸ್ಕ್ರೂ, ರಂಧ್ರ, ಪ್ಲೇಟ್ ಎಲ್ಲವನ್ನೂ ಆಲ್ಕೋಹಾಲಿನಿಂದ ಒರೆಸಿ. ಬಂದೂಕಿಗೆ ಎಣ್ಣೆ ಹಚ್ಚುವ ನಮ್ಮ ಕೈ ಈ ರಂಧ್ರಗಳಿಗೂ ಹಚ್ಚಿರುತ್ತದೆ. ಎಣ್ಣೆಯ ಮೇಲೆ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ಅಂದರೆ ಥ್ರೆಡ್‌ಲಾಕರ್ ಹಿಡಿಯುವುದಿಲ್ಲ. ನೀಲಿ ಬಣ್ಣದ್ದು, ಒಂದು ಸಣ್ಣ ಹನಿ. ಕೆಂಪು ಬೇಡ, ಅದನ್ನು ಬಿಡಿಸಲು ಕಾಯಿಸಬೇಕಾಗುತ್ತದೆ, ಕಾಯಿಸಿದರೆ ಡಾಟ್ ಉಳಿಯುವುದಿಲ್ಲ. ಬಿಗಿಯನ್ನು ಅಳೆದು ತಿರುಗಿಸುವ ಟಾರ್ಕ್ ಡ್ರೈವರ್‌ನಿಂದ ಕಂಪನಿ ಹೇಳಿದಷ್ಟೇ ಬಿಗಿ ಮಾಡಿ. ಆರ್‌ಎಂಆರ್‌ಗೆ ಅದು 12 ಇಂಚ್-ಪೌಂಡ್. ಬೇರೆಯದಕ್ಕೆ ಅದರದರ ಕೈಪಿಡಿ ನೋಡಿ, ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಕಬೇಡಿ. ಮಣಿಕಟ್ಟಿನ ಅಂದಾಜಿನಲ್ಲಿ ತಿರುಗಿಸಿದರೆ ಸಾಮಾನ್ಯವಾಗಿ ಹೆಚ್ಚೇ ಆಗುತ್ತದೆ, ಸ್ಕ್ರೂವಿನ ಮರೆ (ಥ್ರೆಡ್) ಸವೆಯುತ್ತದೆ. ಎರಡು ಸ್ಕ್ರೂಗಳನ್ನೂ ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೆ ಒಂದರಂತೆ ಬಿಗಿ ಮಾಡಿ. ಆಮೇಲೆ ಸ್ಕ್ರೂವಿನ ತಲೆಯಿಂದ ಡಾಟ್‌ನ ಮೈಗೆ ದಾಟುವಂತೆ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಇನ್ನು ಮುಂದೆ ಸ್ಕ್ರೂ ತಿರುಗಿದರೆ ಗೆರೆ ಮುರಿದು ತೋರಿಸುತ್ತದೆ. ಥ್ರೆಡ್‌ಲಾಕರ್ ಪೂರ್ತಿ ಗಟ್ಟಿಯಾಗಲು 24 ಗಂಟೆ ಬಿಡಿ. ಸಂಜೆ ಕೂರಿಸಿ ಬೆಳಿಗ್ಗೆಯೇ ರೇಂಜ್‌ಗೆ ಓಡಬೇಡಿ.

ಸ್ಕ್ರೂವಿನ ಉದ್ದದ ವಿಷಯದಲ್ಲಿ ಅಸಡ್ಡೆ ಮಾಡಿದರೆ ಪಿಸ್ತೂಲೇ ಕೆಲಸ ನಿಲ್ಲಿಸಬಹುದು. ಗ್ಲಾಕ್‌ನಲ್ಲಿ ಬಲಗಡೆಯ ಸ್ಕ್ರೂ ರಂಧ್ರದ ಕೆಳಗೇ ಎಕ್ಸ್‌ಟ್ರಾಕ್ಟರನ್ನು (ಖಾಲಿ ತೋಟಾವನ್ನು ಚೇಂಬರಿನಿಂದ ಎಳೆಯುವ ಕೊಕ್ಕೆ) ಒತ್ತಿಹಿಡಿಯುವ ಪ್ಲಂಜರ್ ಎಂಬ ಸಣ್ಣ ಕಡ್ಡಿ ಹಾದುಹೋಗುತ್ತದೆ. ಸ್ಕ್ರೂ ಉದ್ದವಾದರೆ ತುದಿ ಹೋಗಿ ಪ್ಲಂಜರನ್ನು ಅಮುಕುತ್ತದೆ. ಖಾಲಿ ತೋಟಾ ಹೊರಗೆ ಬಾರದೆ ಚೇಂಬರಿನಲ್ಲೇ ಉಳಿಯುತ್ತದೆ. ಡಾಟ್ ಹಾಕಿಸಿದ ಮೇಲೆ ಜಾಮ್ ಶುರುವಾಯಿತು ಎನ್ನುವವರು ಮ್ಯಾಗಜಿನ್, ಗುಂಡು, ಸ್ಪ್ರಿಂಗ್ ಎಲ್ಲ ಬದಲಿಸುವ ಮೊದಲು ಆ ಒಂದು ಸ್ಕ್ರೂ ಸಡಿಲಿಸಿ ಎಕ್ಸ್‌ಟ್ರಾಕ್ಟರ್ ಮೊದಲಿನಂತೆ ಆಡುತ್ತದೆಯೇ ನೋಡಲಿ. ಗಿಡ್ಡ ಸ್ಕ್ರೂ ಕೂಡ ಅಪಾಯವೇ, ಎರಡೇ ಸುತ್ತು ಮರೆ ಕಚ್ಚಿಕೊಂಡು ನಿಂತದ್ದು ಮುಂದಿನ ನೂರು ಗುಂಡಿನಲ್ಲಿ ಕಿತ್ತು ಬರಬಹುದು. ಪ್ಲೇಟಿನ ಜೊತೆ ಬಂದ ಸ್ಕ್ರೂಗಳನ್ನೇ ಬಳಸಿ, ಡಬ್ಬಿಯಲ್ಲಿ ಸಿಕ್ಕಿದ್ದನ್ನಲ್ಲ.

ಕೊಳ್ಳುವವರು ಇಲ್ಲಿಂದ ಕಲಿಯಬೇಕಾದದ್ದು, ಜೋಡಣೆ ಕಡಿಮೆಯಾದಷ್ಟೂ ತಲೆನೋವು ಕಡಿಮೆ. ಸ್ಲೈಡ್ ಯಾವ ಅಚ್ಚಿಗೆ ಕೊರೆದಿದೆಯೋ ಆ ಅಚ್ಚಿನ ಡಾಟನ್ನೇ ಹುಡುಕಿ. ಆರ್‌ಎಂಆರ್ ಅಚ್ಚಿಗೆ ಎಸ್‌ಆರ್‌ಒ, 507ಸಿ ನೇರ ಕೂರುತ್ತವೆ. 509ಟಿಗೆ ನಡುವೆ ಒಂದು ಅಡಾಪ್ಟರ್ ಬೇಕು. ಆಕ್ರೋದ್ದು ಅದರದೇ ಬೇರೆ ಅಚ್ಚು. ದುಡ್ಡು ಸೀಮಿತವಾಗಿದ್ದರೆ ಡಾಟ್‌ನಲ್ಲಿ ನೂರು ಡಾಲರ್ ಕಡಿಮೆ ಮಾಡಿ, ಒಳ್ಳೆಯ ಉಕ್ಕಿನ ಪ್ಲೇಟಿಗೋ ಸ್ಲೈಡ್ ಕೊರೆಸುವುದಕ್ಕೋ ಹಾಕಿ ಎನ್ನುತ್ತೇನೆ. ಇದಕ್ಕೆ ಒಪ್ಪದವರು ಬಹಳ ಜನ ಇದ್ದಾರೆ, ಇರಲಿ.

ಮತ್ತೆ ಝೀರೋ ಮಾಡುವಾಗ ಲೆಕ್ಕ ಸರಳ. ಒಂದು ಕ್ಲಿಕ್‌ಗೆ ಒಂದು ಎಂಓಎ ಜರುಗುವ ಆರ್‌ಎಂಆರ್, 507ಸಿಯಂಥವುಗಳಲ್ಲಿ 10 ಗಜಕ್ಕೆ ಒಂದು ಇಂಚು ಸರಿಸಲು ಹತ್ತಿರ ಹತ್ತಿರ ಹತ್ತು ಕ್ಲಿಕ್, 25 ಗಜಕ್ಕೆ ನಾಲ್ಕು. ಎರಡು ಕ್ಲಿಕ್ ತಿರುಗಿಸಿ ಏನೂ ಆಗಲಿಲ್ಲ ಎಂದು ಡಾಟನ್ನು ಬೈಯುವವರು 10 ಗಜದಲ್ಲಿ ನಿಂತಿರುತ್ತಾರೆ. ಮೂರು ಗಜದಲ್ಲಿ ಗುಂಡು ಚುಕ್ಕಿಗಿಂತ ಇಂಚಿನಷ್ಟು ಕೆಳಗೆ ಬಿದ್ದರೆ ಅದೂ ದೋಷವಲ್ಲ. ಚುಕ್ಕಿ ನಳಿಗೆಗಿಂತ ಅಷ್ಟು ಮೇಲಿರುತ್ತದೆ, ಹತ್ತಿರದಲ್ಲಿ ಆ ಅಂತರ ಹಾಗೆಯೇ ಉಳಿಯುತ್ತದೆ. ಅಭ್ಯಾಸಕ್ಕೆ 115 ಗ್ರೇನ್ ತೂಕದ ಗುಂಡು, ಒಯ್ಯಲು 147 ಗ್ರೇನ್ ತೂಕದ್ದು ಬಳಸುವವರು ಒಯ್ಯುವ ಗುಂಡಿನಲ್ಲೂ ಒಂದು ಸಲ ನೋಡಿಕೊಳ್ಳಲಿ.

ಎತ್ತಿದಾಗ ಚುಕ್ಕಿ ಸಿಗುವುದಿಲ್ಲ

ಇದು ಡಾಟ್‌ನ ದೋಷವಲ್ಲ. ಕಣ್ಣು ಮುಚ್ಚಿ ಖಾಲಿ ಪಿಸ್ತೂಲನ್ನು ಗೋಡೆಯ ಒಂದು ಗುರುತಿಗೆ ಎತ್ತಿ, ಕಣ್ಣು ತೆರೆಯಿರಿ. ಚುಕ್ಕಿ ಕಾಣದಿದ್ದರೆ ಕತ್ತು ಆಡಿಸಿ ಹುಡುಕಬೇಡಿ, ಮುಂದಿನ ಐರನ್ ಸೈಟ್ ಎಲ್ಲಿದೆ ನೋಡಿ. ಬಹುಪಾಲು ಜನರಲ್ಲಿ ನಳಿಗೆಯ ಮೂತಿ ಮೇಲೆದ್ದಿರುತ್ತದೆ, ಚುಕ್ಕಿ ಗಾಜಿನ ಮೇಲಂಚಿನಿಂದ ಆಚೆ ಹೋಗಿರುತ್ತದೆ. ಮಣಿಕಟ್ಟನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿ. ದಿನಕ್ಕೆ ಐದು ನಿಮಿಷದ ಈ ಅಭ್ಯಾಸ ಮಾಡದೆ ದೊಡ್ಡ ಗಾಜು ಬೇಕು ಎಂದು ಎಸ್‌ಆರ್‌ಒ ಕೊಂಡರೆ ದೊಡ್ಡ ಗಾಜಿನಲ್ಲೂ ಹುಡುಕುತ್ತಲೇ ಇರುತ್ತೀರಿ. ಅಭ್ಯಾಸ ಕೂತ ಮೇಲೂ, ಗುಂಡುಗಳು ಒಂದೇ ಸಾಲಿನಲ್ಲಿ ಕೂರುವ ತೆಳು ಪಿಸ್ತೂಲಾದ ಸಿಂಗಲ್ ಸ್ಟ್ಯಾಕ್‌ನ ಕಿರಿದಾದ ಡಾಟ್‌ನಲ್ಲಿ ಕಷ್ಟವಾದರೆ ಆಗ ದೊಡ್ಡದರ ಯೋಚನೆ ಮಾಡಿ. ಗಾಜು ದೊಡ್ಡದಾದಷ್ಟೂ ಅಂಗಿಯಡಿ ಉಬ್ಬುವುದೂ ಹೆಚ್ಚು.

ಇಷ್ಟೆಲ್ಲ ಆದ ಮೇಲೂ ಚುಕ್ಕಿ ಮಿನುಗುವುದು ನಿಲ್ಲದಿದ್ದರೆ, ಗೆರೆ ಮುರಿಯದೆಯೂ ಝೀರೋ ಓಡುತ್ತಿದ್ದರೆ, ಈಗ ಡಾಟ್ ಕೆಟ್ಟಿದೆ ಎನ್ನಬಹುದು. ವಾರಂಟಿಗೆ ಕಳಿಸಿ. ಕಳಿಸುವುದು ಡಾಟನ್ನಷ್ಟೇ, ಅದು ಬಂದೂಕಲ್ಲವಾದ್ದರಿಂದ ಮಾಮೂಲಿ ಪಾರ್ಸೆಲ್‌ನಲ್ಲಿ ಹೋಗುತ್ತದೆ. ಸೆಲ್ ತೆಗೆದಿಡಿ. ಯಾವ ಸೆಲ್ ಹಾಕಿ ನೋಡಿದಿರಿ, ಎಷ್ಟು ಟಾರ್ಕ್, ಸ್ಕ್ರೂವಿನ ಗೆರೆಯ ಫೋಟೊ, ಮರಳಿನ ಚೀಲದ ಮೇಲಿಟ್ಟು ಹೊಡೆದ ಗುರಿಹಲಗೆಯ ಫೋಟೊ, ಇವನ್ನು ಜೊತೆಗೆ ಕೊಟ್ಟರೆ ಆ ಕಡೆಯವರು ಅದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾ ವಾರ ಕಳೆಯುವುದಿಲ್ಲ. ಅದು ವಾಪಸು ಬರುವವರೆಗೆ ಸ್ಲೈಡ್‌ನಲ್ಲಿ ಡಾಟ್ ಕೂರುವ ತಗ್ಗಿಗೆ ಪಿಸ್ತೂಲಿನ ಜೊತೆ ಬಂದ ಮುಚ್ಚಳ ಹಾಕಿ. ಡಾಟ್‌ಗಾಗಿ ಎತ್ತರದ ಐರನ್ ಸೈಟ್ ಹಾಕಿಸಿದ್ದರೆ ಅದರಲ್ಲಿ ಗುಂಡು ಎಲ್ಲಿ ಬೀಳುತ್ತದೆ ಎಂದು ಹತ್ತು ಗುಂಡು ಹೊಡೆದು ನೋಡದೆ ಸೊಂಟಕ್ಕೆ ಸಿಕ್ಕಿಸಬೇಡಿ.